ಬಿರುಕು ಬೇಸಿಗೆಯದು, ತಪ್ಪು ಮಳೆಗಾಲದ್ದು

ಶ್ರಾವಣದ ಜಡಿಮಳೆ ಹಿಡಿಯಿತೆಂದರೆ ಹಳೇ ಮನೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಭುಜ ಕೊಟ್ಟು ನೂಕಬೇಕು. ಶಿವರಾತ್ರಿ ಕಳೆಯುವ ಹೊತ್ತಿಗೆ ಅದೇ ಬಾಗಿಲು ಸಡಿಲಾಗಿ ಗಾಳಿಗೆ ದಡಬಡ ಬಡಿದುಕೊಳ್ಳುತ್ತದೆ. ಮರ ತೇವ ಹೀರಿ ಊದುತ್ತದೆ, ಒಣಗಿ ಕುಗ್ಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಮುಂದಿನ ಮಳೆಗಾಲದಲ್ಲಿ ಬಾಗಿಲು ಎಲ್ಲಿ ಕಚ್ಚಿದೆ ಎಂದು ಸ್ವಲ್ಪ ಗಮನಿಸಿ. ತಿರುಗಣೆ ಜೋತುಬಿದ್ದಿದ್ದರೆ ಬೇರೆ ಮಾತು. ಇಲ್ಲವಾದರೆ ಅದು ಕಚ್ಚಿರುವುದು ಚಿಲಕದ ಬದಿಯಲ್ಲಿ, ಅಂದರೆ ಅಗಲದಲ್ಲಿ. ಆರಡಿ ಎತ್ತರದ ಹಲಗೆ ಎತ್ತರದಲ್ಲಿ ಬೆಳೆದಿರುವುದಿಲ್ಲ. ಮರ ಹೆಚ್ಚು ಇರುವ ದಿಕ್ಕಿನಲ್ಲಿ ಊತವೂ ಹೆಚ್ಚಿರಬೇಕಲ್ಲವೆ?

ಇನ್ನೊಂದು ಒಗಟು ಇದಕ್ಕಿಂತ ವಿಚಿತ್ರವಾದದ್ದು. ಗುದ್ದಲಿಯ ಕಾವು ಸಡಿಲವಾದರೆ ನಮ್ಮ ಕಡೆ ಏನು ಮಾಡುತ್ತಾರೆ? ರಾತ್ರಿಯಿಡೀ ನೀರಿನಲ್ಲಿ ನೆನೆಹಾಕುತ್ತಾರೆ. ಬೆಳಿಗ್ಗೆ ಕಾವು ಗಟ್ಟಿಯಾಗಿ ಕೂತಿರುತ್ತದೆ. ನಾಲ್ಕು ದಿನ ಬಿಸಿಲಲ್ಲಿ ಕೆಲಸ ಮಾಡಿದ ಮೇಲೆ ನೋಡಿದರೆ ಮೊದಲಿಗಿಂತ ಹೆಚ್ಚು ಸಡಿಲ! ಮತ್ತೆ ನೆನೆಹಾಕಿದರೆ ಮತ್ತಷ್ಟು ಸಡಿಲ. ನೀರು ಕುಡಿಸಿದ ಮರ ಮೊದಲಿದ್ದ ಗಾತ್ರಕ್ಕೂ ಬಾರದೆ ಅದಕ್ಕಿಂತ ಕುಗ್ಗಿದ್ದು ಹೇಗೆ?

ಈ ಎರಡು ಒಗಟುಗಳ ಉತ್ತರ ಗೊತ್ತಿಲ್ಲದೆ ಹಳೆಯ ರೇಡಿಯೋಗ್ರಾಮಿನ ಮರದ ಪೆಟ್ಟಿಗೆಗೆ ಉಪ್ಪುಕಾಗದ ಹಿಡಿದು ಕೈಹಾಕಬಾರದು.

ಹಾಡುವ ಬೀರು

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಇಂದು ದೇಶಕ್ಕೆಲ್ಲ ಪರಿಚಿತವಾಗಿರುವುದು ಆ ಮನೆಯ ನಿಲಯದಿಂದ. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಹದಿನೈದು ಕಿಲೋಮೀಟರು, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಅದರಾಚೆಗೆ. ಈ ಊರುಗಳಲ್ಲಿ ರೇಡಿಯೋ ಇದ್ದ ಮನೆಯೇ ದೊಡ್ಡ ಮನೆ ಎನಿಸಿಕೊಳ್ಳುತ್ತಿದ್ದ ಕಾಲವಿತ್ತು. ರೇಡಿಯೋಗ್ರಾಮ್ ಅದಕ್ಕಿಂತ ಒಂದು ಮೆಟ್ಟಿಲು ಮೇಲು. ರೇಡಿಯೋ, ಗ್ರಾಮಫೋನ್ ಪ್ಲೇಟು ತಿರುಗಿಸುವ ಯಂತ್ರ, ಸ್ಪೀಕರು ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಅಡಗಿಸಿಕೊಂಡ, ನಾಲ್ಕು ಕಾಲಿನ, ಮೂರು ನಾಲ್ಕು ಅಡಿ ಉದ್ದದ ಬೀರು ಅದು. ಮುಚ್ಚಳ ಎತ್ತಿದರೆ ಪ್ಲೇಟು, ಮುಂದೆ ಬೆಳಗುವ ಗಾಜಿನ ಪಟ್ಟಿ, ಅದರ ಮೇಲೆ ನಿಲಯಗಳ ಹೆಸರು. ಎಚ್‌ಎಂವಿ, ಮರ್ಫಿ, ಫಿಲಿಪ್ಸ್ ಹೆಸರುಗಳನ್ನು ಹಿರಿಯರು ಈಗಲೂ ನೆನೆಯುತ್ತಾರೆ.

ಒಳಗಿನ ಯಂತ್ರ ಸತ್ತು ಎಷ್ಟೋ ಕಾಲವಾಗಿದ್ದರೂ ಪೆಟ್ಟಿಗೆಯನ್ನು ಎಸೆಯಲು ಮನಸ್ಸು ಬಾರದೆ ಅದರ ಮೇಲೆ ಟೀವಿ ಇಟ್ಟುಕೊಂಡ ಮನೆಗಳಿವೆ. ಇತ್ತೀಚೆಗೆ ಅವನ್ನು ಸರಿಪಡಿಸುವ ಹುಮ್ಮಸ್ಸೂ ಹುಟ್ಟಿದೆ. ಸಂತೋಷ. ಆದರೆ ನನ್ನ ಅಭಿಪ್ರಾಯ ಕೇಳಿದರೆ, ಯಂತ್ರದ ಭಾಗ ಕೆಟ್ಟರೆ ಇನ್ನೊಂದು ತಂದು ಹಾಕಬಹುದು. ಪೆಟ್ಟಿಗೆ ಹಾಳಾಗುವುದು ಹಳೆಯದಾಗಿ ಅಲ್ಲ, ಬಹುಮಟ್ಟಿಗೆ ‘ಹೊಸದು ಮಾಡಲು’ ಹೋಗಿ.

ಹುಲ್ಲಿನ ಹೊರೆ

ಮರವೆಂದರೆ ಉದ್ದುದ್ದನೆಯ ಟೊಳ್ಳು ಕೋಶಗಳ ಕಟ್ಟು. ಕೋಶದ ಗೋಡೆಯಲ್ಲಿ ಸೆಲ್ಯುಲೋಸಿನ ಅತಿ ಸಣ್ಣ ಎಳೆಗಳಿವೆ. ಅವು ಬಹುತೇಕ ಮರದ ಉದ್ದಕ್ಕೇ ಮಲಗಿರುತ್ತವೆ. ಗಾಳಿಯ ತೇವ ಗೋಡೆಯೊಳಗೆ ಬಂದಾಗ ನೀರಿನ ಕಣಗಳು ಎಳೆಗೂ ಎಳೆಗೂ ನಡುವೆ ನುಸುಳಿ ಅವನ್ನು ದೂರ ಸರಿಸುತ್ತವೆ. ಎಳೆಯನ್ನು ಅದರ ಉದ್ದಕ್ಕೆ ಹಿಗ್ಗಿಸುವ ಶಕ್ತಿ ಅವಕ್ಕಿಲ್ಲ. ಕಟ್ಟಿಟ್ಟ ಭತ್ತದ ಹುಲ್ಲಿನ ಹೊರೆ ಮಳೆಗೆ ಸಿಕ್ಕಿತು ಎನ್ನಿ. ಒಂದೊಂದು ಎಸಳೂ ದಪ್ಪವಾಗಿ ಹೊರೆ ಹುರಿಗೆ ಬಿಗಿಯುತ್ತದೆ, ಹೊಟ್ಟೆ ಬರುತ್ತದೆ. ಹೊರೆ ಮಾತ್ರ ಒಂದಂಗುಲವೂ ಉದ್ದವಾಗುವುದಿಲ್ಲ. ಬಾಗಿಲು ಚಿಲಕದ ಬದಿಗೆ ಕಚ್ಚುವುದಕ್ಕೂ ಮೇಲ್ಗಡೆ ಕಚ್ಚದಿರುವುದಕ್ಕೂ ಕಾರಣ ಇದೇ.

ಹಸಿ ತೇಗದ ಮರ ಪೂರ್ತಿ ಒಣಗಿದಾಗ ಅಗಲದಲ್ಲಿ ಕುಗ್ಗುವುದು ಸುಮಾರು 2.5ರಿಂದ 5.8 ಪ್ರತಿಶತ, ದಿಮ್ಮಿಯನ್ನು ಯಾವ ದಿಕ್ಕಿಗೆ ಕೊಯ್ದಿದ್ದಾರೆ ಎಂಬುದರ ಮೇಲೆ ಈ ವ್ಯತ್ಯಾಸ. ಉದ್ದದಲ್ಲಿ ಕುಗ್ಗುವುದು 0.1 ಅಥವಾ 0.2 ಪ್ರತಿಶತ ಮಾತ್ರ. ತೇಗ ಇದ್ದುದರಲ್ಲಿ ಸಾಧು ಮರ. ಅನೇಕ ಜಾತಿಯ ಮರಗಳು ಇದಕ್ಕಿಂತ ಹೆಚ್ಚು ಕುಣಿಯುತ್ತವೆ.

ಕೊಯ್ದು ಒಣಗಿಸಿ ಪಾಲಿಶ್ ಮಾಡಿದ ಮೇಲೆ ಈ ಆಟ ನಿಲ್ಲುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಿಲ್ಲುವುದಿಲ್ಲ. ಎಪ್ಪತ್ತು ವರ್ಷದ ಹಲಗೆಯೂ ಇಂದಿನ ಗಾಳಿಯೊಡನೆ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತಲೇ ಇರುತ್ತದೆ. ಗಾಳಿಗೆ ಹೊಂದಿಕೊಂಡು ಮರದಲ್ಲಿ ಉಳಿಯುವ ನೀರಿನ ಪ್ರಮಾಣವನ್ನು ‘ಸಮತೇವ’ ಎನ್ನೋಣ. ವಿಜ್ಞಾನಿಗಳು ಈಕ್ವಿಲಿಬ್ರಿಯಂ ಮಾಯಿಶ್ಚರ್ ಕಂಟೆಂಟ್ ಎನ್ನುತ್ತಾರೆ. ಗಾಳಿಯ ಆರ್ದ್ರತೆ 40 ಪ್ರತಿಶತ ಇದ್ದರೆ ಮರದ ಸಮತೇವ ಅದರ ಒಣತೂಕದ ಸುಮಾರು 8 ಪ್ರತಿಶತ. ಆರ್ದ್ರತೆ 80ಕ್ಕೆ ಏರಿ ವಾರಗಟ್ಟಲೆ ನಿಂತರೆ ಸಮತೇವ 16ರ ಹತ್ತಿರ. ಈ ಏರಿಳಿತಕ್ಕೆ ಒಂದೂವರೆ ಅಡಿ ಅಗಲದ ಗಟ್ಟಿ ತೇಗದ ಹಲಗೆ ಅಗಲದಲ್ಲಿ 3ರಿಂದ 7 ಮಿಲಿಮೀಟರ್ ಬದಲಾಗುತ್ತದೆ. ಅದೇ ಹಲಗೆ ನಾಲ್ಕಡಿ ಉದ್ದವಿದ್ದರೂ ಉದ್ದದ ಬದಲಾವಣೆ ಅರ್ಧ ಮಿಲಿಮೀಟರಿನ ಆಸುಪಾಸು.

ನಾಲೆ ಬಯಲು, ಒಣ ಬಯಲು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕು ಪಕ್ಕಪಕ್ಕದಲ್ಲೇ ಇದ್ದರೂ ಮರದ ಪಾಲಿಗೆ ಅವು ಒಂದೇ ಸೀಮೆಯಲ್ಲ. ಕನ್ನಂಬಾಡಿ ಕಟ್ಟೆಯಿಂದ ಹೊರಟ ನಾಲೆಗಳು ಪಾಂಡವಪುರ, ಶ್ರೀರಂಗಪಟ್ಟಣದ ಬಯಲುಗಳನ್ನು ಗದ್ದೆ, ಕಬ್ಬಿನ ತೋಟಗಳಾಗಿ ಮಾಡಿವೆ. ನಾಲೆಯ ಕೆಳಗಿನ ಊರುಗಳಲ್ಲಿ ಅಂತರ್ಜಲ ಮೇಲಿದೆ. ಹಳೆ ಗೋಡೆಗಳ ಬುಡದಲ್ಲಿ ಚೌಳು ಬಿಟ್ಟು ಸುಣ್ಣ ಉದುರುವುದನ್ನು ನೋಡಿದರೆ ಸಾಕು, ಅಳತೆಯ ಉಪಕರಣ ಬೇಡ. ಕೆ.ಆರ್. ಪೇಟೆಯಲ್ಲಿ ಹೇಮಾವತಿಯ ನೀರು ಹರಿದಲ್ಲೆಲ್ಲ ಇದೇ ಕತೆ, ಹರಿಯದಲ್ಲಿ ಬೇರೆ ಕತೆ. ನಾಗಮಂಗಲದ್ದು ಬಹುಪಾಲು ರಾಗಿ, ಹುರುಳಿಯ ಮಳೆಯಾಶ್ರಯದ ನೆಲ.

ಹೀಗಾಗಿ ಪೆಟ್ಟಿಗೆ ಯಾವ ಊರಿನ ಯಾವ ಗೋಡೆಗೆ ಒರಗಿತ್ತು ಎಂಬುದೂ ಅದರ ರೋಗದ ಇತಿಹಾಸದಲ್ಲಿ ಸೇರುತ್ತದೆ. ನಾಲೆ ಬಯಲಿನ ಮನೆಯಲ್ಲಿ ತೇವದ ಗೋಡೆಗೆ ಬೆನ್ನು ತಾಗಿಸಿ ಇಟ್ಟಿದ್ದರೆ ಹಿಂಬದಿಯ ಹಲಗೆ ವರ್ಷವಿಡೀ ಗೋಡೆಯಿಂದಲೇ ನೀರು ಕುಡಿದಿರುತ್ತದೆ. ಅದನ್ನು ತಂದು ಬೆಂಗಳೂರಿನ ಎಸಿ ಕೋಣೆಯಲ್ಲಿ ಇಟ್ಟರೆ ತಿಂಗಳೊಪ್ಪತ್ತಿನಲ್ಲಿ ಮೈಯೆಲ್ಲ ಬಿರಿಯಬಹುದು.

ಹಾಗೆಂದು ನೀರಿನ ಬದಿಯಲ್ಲಿ ಮರ ಬಾಳುವುದೇ ಇಲ್ಲ ಎನ್ನಬೇಡಿ. 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್ ಬಹುಮಟ್ಟಿಗೆ ತೇಗದ ಮರದ ಕಟ್ಟಡ. ಶ್ರೀರಂಗಪಟ್ಟಣ ಎಂಬ ಕಾವೇರಿಯ ನಡುಗಡ್ಡೆಯಲ್ಲಿ ಎರಡು ಶತಮಾನಕ್ಕೂ ಮೀರಿ ನಿಂತಿದೆ. ಹಳೆಯ ಆಚಾರರು ಬಾಗಿಲು ಮಾಡುವಾಗ ಹಲಗೆಯನ್ನು ಚೌಕಟ್ಟಿನ ತೋಡಿನೊಳಗೆ ಅಂಟು ಹಾಕದೆ ಸಡಿಲವಾಗಿ ಕೂರಿಸುತ್ತಿದ್ದರು. ಊದಿದರೆ ಒಳಕ್ಕೆ ಜಾರಲಿ, ಕುಗ್ಗಿದರೆ ಹೊರಕ್ಕೆ ಬರಲಿ ಎಂದು. ತೇವಕ್ಕೆ ಊದಿದ್ದರಿಂದಲೇ ಮರಕ್ಕೆ ಅಪಾಯವಿಲ್ಲ. ಊದುವಾಗ ಜಾಗ ಕೊಡದಿದ್ದರೆ ಅಪಾಯ.

ಅಂಟಿನೊಳಗಿನ ಜಗಳ

ರೇಡಿಯೋಗ್ರಾಮಿನಲ್ಲಿ ಆ ಜಾಗ ಇಲ್ಲ. ನೋಡಲು ಅದು ಬೀಟೆಯ ಅಥವಾ ವಾಲ್ನಟ್ಟಿನ ಗಟ್ಟಿ ಹಲಗೆಯಂತೆ ಕಾಣುತ್ತದೆ. ಆದರೆ ಒಡೆದ ಮೂಲೆಯೊಂದನ್ನು ಹತ್ತಿರದಿಂದ ನೋಡಿ. ಮೇಲೆ ಬೆಲೆಬಾಳುವ ಮರದ, ಒಂದು ಮಿಲಿಮೀಟರಿಗೂ ಕಡಿಮೆ ದಪ್ಪದ ಸಿಪ್ಪೆ, ಕೆಳಗೆ ಪ್ಲೈವುಡ್ಡು. ಈ ‘ಮೇಲ್ಸಿಪ್ಪೆ’ಗೆ ಪೀಠೋಪಕರಣದವರು ವೆನೀರ್ ಎನ್ನುತ್ತಾರೆ. ಮೋಸವೇನಲ್ಲ, ಜಾಣತನ. ಪ್ಲೈವುಡ್ಡಿನಲ್ಲಿ ಒಂದು ಪದರದ ಎಳೆ ಉದ್ದಕ್ಕಿದ್ದರೆ ಮುಂದಿನದು ಅಡ್ಡಕ್ಕೆ. ಒಂದು ಪದರ ಅಗಲಕ್ಕೆ ಊದಲು ಹೊರಟರೆ, ಆ ದಿಕ್ಕಿಗೆ ಕದಲದ ಪಕ್ಕದ ಪದರ ಅದನ್ನು ಹಿಡಿದು ನಿಲ್ಲಿಸುತ್ತದೆ. ಹಾಗಾಗಿ ಇಡೀ ಹಲಗೆ ಅಳತೆ ಕೆಡದೆ ನಿಲ್ಲುತ್ತದೆ, ಮುಚ್ಚಳ ಮಳೆಗಾಲದಲ್ಲೂ ಸರಿಯಾಗಿ ಕೂರುತ್ತದೆ.

ಆದರೆ ಊದುವ ಆಸೆ ಹೋಗಿಲ್ಲವಲ್ಲ. ತಡೆದ ಆಸೆ ಒತ್ತಡವಾಗುತ್ತದೆ. ಆ ಒತ್ತಡ ಕಡಿಮೆಯದೇನಲ್ಲ: ಹಿಂದೆ ಬಂಡೆಯ ತೂತುಗಳಿಗೆ ಒಣಮರದ ಗೂಟ ಬಡಿದು, ನೀರು ಹೊಯ್ದು, ಕಲ್ಲನ್ನೇ ಸೀಳುತ್ತಿದ್ದರು. ಮೇಲ್ಸಿಪ್ಪೆಯ ಗತಿ ಏನಾಗಬೇಡ?

ನಜ್ಜುಗುಜ್ಜಾದ ಕೋಶಗಳು

ಮರವನ್ನು ಎಳೆಗೆ ಅಡ್ಡವಾಗಿ ಅದುಮಿದರೆ ಸುಮಾರು 1 ಪ್ರತಿಶತದ ತನಕ ಅದು ತಾಳಿಕೊಳ್ಳುತ್ತದೆ. ಒತ್ತಡ ಬಿಟ್ಟರೆ ಮೊದಲಿನ ಅಳತೆಗೆ ಮರಳುತ್ತದೆ. ಅದಕ್ಕಿಂತ ಹೆಚ್ಚು ಅದುಮಿದರೆ ಕೋಶಗಳ ಗೋಡೆ ಮಡಿಚಿಕೊಂಡು ಹಾಗೇ ಉಳಿಯುತ್ತದೆ.

ಮಳೆಗಾಲದಲ್ಲಿ ಮೇಲ್ಸಿಪ್ಪೆಗೆ 16 ಪ್ರತಿಶತ ತೇವ ಬಂತು ಎನ್ನಿ. ಬಿಟ್ಟಿದ್ದರೆ ಅಗಲದಲ್ಲಿ ಒಂದೂವರೆ ಪ್ರತಿಶತದಷ್ಟು ಊದುತ್ತಿತ್ತು. ಕೆಳಗಿನ ಪದರ ಬಿಡಲಿಲ್ಲ. ಅಂದರೆ ಸಿಪ್ಪೆಯನ್ನು ಅಷ್ಟು ಅದುಮಿಟ್ಟ ಹಾಗಾಯಿತು. ತಾಳಿಕೆಯ ಗಡಿ ದಾಟಿತು. ಕೋಶಗಳು ಸದ್ದಿಲ್ಲದೆ ನಜ್ಜಾದವು. ಹೊರಗಡೆಯಿಂದ ಏನೂ ಕಾಣುವುದಿಲ್ಲ, ಪಾಲಿಶ್ ಮಿರಮಿರ ಮಿಂಚುತ್ತಿರುತ್ತದೆ. ಬೇಸಿಗೆ ಬಂದಾಗ ಸಿಪ್ಪೆ ಒಣಗುತ್ತದೆ. ನಜ್ಜಾದ ಕೋಶಗಳಿಂದಾಗಿ ಈಗ ಅದರ ಸಹಜ ಅಗಲವೇ ಮೊದಲಿಗಿಂತ ಕಡಿಮೆ. ಕುಗ್ಗಬೇಕು, ಆದರೆ ಕೆಳಗಿನ ಪದರ ಈಗಲೂ ಬಿಡುವುದಿಲ್ಲ. ಎರಡು ಕಡೆಯಿಂದ ಎಳೆದು ಹಿಡಿದಿದೆ. ಎಳೆಗೆ ಅಡ್ಡವಾಗಿ ಜಗ್ಗಿದರೆ ಮರ ಬಹಳ ದುರ್ಬಲ. ಎಳೆಯ ಉದ್ದಕ್ಕೂ ಕೂದಲಿನಂಥ ಬಿರುಕು ಮೂಡುತ್ತದೆ. ಸಿಪ್ಪೆ ಕೊಯ್ಯುವಾಗ ಕತ್ತಿಯ ಬಾಯಿ ಅದರ ಒಳಮೈಯಲ್ಲಿ ಮಾಡಿಟ್ಟ ಸಣ್ಣ ಗೀರುಗಳು ಇದಕ್ಕೆ ದಾರಿ ತೋರಿಸುತ್ತವೆ. ಏಪ್ರಿಲ್‌ನಲ್ಲಿ ನಾವು ಬಿರುಕು ಕಂಡು ‘ಬಿಸಿಲಿಗೆ ಹೋಯ್ತು’ ಎನ್ನುತ್ತೇವೆ. ಅದು ಹೋದದ್ದು ಹಿಂದಿನ ಮಳೆಗಾಲದಲ್ಲಿ.

ಈ ಕಾಯಂ ಕುಗ್ಗುವಿಕೆಯನ್ನು ‘ಒತ್ತುಕುಗ್ಗು’ ಎನ್ನೋಣ. ಇಂಗ್ಲಿಷಿನವರದು ಕಂಪ್ರೆಶನ್ ಸೆಟ್. ಗುದ್ದಲಿಯಲ್ಲಿ ನಡೆದದ್ದೂ ಇದೇ. ಕಬ್ಬಿಣದ ಬಳೆಯೊಳಗೆ ಸಿಕ್ಕಿಕೊಂಡ ಕಾವಿನ ತಲೆ ನೀರು ಕುಡಿದು ಊದಲು ಹೋಯಿತು, ಬಳೆ ಬಿಡಲಿಲ್ಲ, ಕೋಶ ನಜ್ಜಾಯಿತು, ಒಣಗಿದಾಗ ಮೊದಲಿಗಿಂತ ಸಣ್ಣದಾಯಿತು. ಒಂದೊಂದು ನೆನೆಹಾಕುವಿಕೆಯೂ ಒಂದಿಷ್ಟು ಮರವನ್ನು ತಿಂದುಹಾಕುತ್ತದೆ.

ಮುಚ್ಚಳ ಡೊಂಕಾಗುವುದನ್ನೂ ಇದೇ ವಿವರಿಸುತ್ತದೆ. ಬಹಳ ಪೆಟ್ಟಿಗೆಗಳಲ್ಲಿ ಮುಚ್ಚಳದ ಹೊರಮೈಗೆ ದಪ್ಪ ಪಾಲಿಶ್, ಒಳಮೈಗೆ ತೆಳುವಾಗಿ ಸವರಿದ್ದು ಅಥವಾ ಬರೀ ಮರ. ಪಾಲಿಶ್ ತೇವವನ್ನು ನಿಲ್ಲಿಸುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೆ. ಹಾಗಾಗಿ ಒಳಮೈ ಬೇಗ ಕುಡಿಯುತ್ತದೆ, ಬೇಗ ನಜ್ಜಾಗುತ್ತದೆ. ಮೊದಮೊದಲು ಊದಿದ ಆ ಬದಿಯೇ ವರ್ಷಗಳು ಕಳೆದಂತೆ ಕುಗ್ಗಿ ಒಳಬಾಗುತ್ತದೆ. ಹೊರಗಿನಿಂದ ನೋಡಿದರೆ ಮುಚ್ಚಳದ ಬೆನ್ನು ಉಬ್ಬಿರುತ್ತದೆ. ಇದಕ್ಕೆ ಜೊತೆಯಾಗಿ ಯಂತ್ರದ ವಾಲ್ವುಗಳಿವೆ. ಅವು ತಿನ್ನುವ ವಿದ್ಯುತ್ತಿನಲ್ಲಿ ಬಹುಪಾಲು ಬಿಸಿಯಾಗಿಯೇ ಹೊರಬೀಳುತ್ತದೆ. ಸಂಜೆ ಹಾಡು ಕೇಳಿದಷ್ಟು ಹೊತ್ತೂ ಒಳಮೈ ಒಣಗುತ್ತದೆ, ರಾತ್ರಿ ಮತ್ತೆ ಕುಡಿಯುತ್ತದೆ. ಮಳೆಗಾಲ, ಬೇಸಿಗೆ ವರ್ಷಕ್ಕೊಂದು ಸಲ ಬಂದರೆ ವಾಲ್ವಿನ ಪಕ್ಕದ ಹಲಗೆಗೆ ದಿನವೂ ಒಂದು ಪುಟ್ಟ ಋತುಚಕ್ರ.

ಅರಗು

ಹಳೆಯ ಅನೇಕ ಪೆಟ್ಟಿಗೆಗಳ ಹೊಳಪು ಅರಗಿನದು. ಮುತ್ತುಗ, ಎಲಚಿಯಂಥ ಗಿಡಗಳ ರೆಂಬೆಗೆ ಕಚ್ಚಿ ರಸ ಹೀರುವ ಸಣ್ಣ ಕೀಟ ತನ್ನ ಮೈಮೇಲೆ ಸುರಿಸಿಕೊಳ್ಳುವ ರಾಳವದು. ಶೋಧಿಸಿದ ಹಳಕುಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ಪದರದ ಮೇಲೆ ಪದರ ತೀಡಿದರೆ ಫ್ರೆಂಚ್ ಪಾಲಿಶ್. ಚನ್ನಪಟ್ಟಣದ ಗೊಂಬೆಯ ಬಣ್ಣವೂ ಅರಗೇ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ, ‘ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್’ ಶುರುವಾದದ್ದು ಈ ಅರಗನ್ನು ನೆಚ್ಚಿಕೊಂಡೇ. 1962ರ ಚುನಾವಣೆಯಿಂದ ನಮ್ಮ ಬೆರಳಿಗೆ ಅಳಿಸದ ಶಾಯಿ ಕೊಡುತ್ತಿರುವುದೂ ಆ ಕಾರ್ಖಾನೆಯೇ.

ಇಲ್ಲೊಂದು ಸ್ವಾರಸ್ಯ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಪ್ಲೇಟುಗಳನ್ನೂ ಅರಗು, ಕಲ್ಲುಪುಡಿ, ಕಾಡಿಗೆ ಕಲಸಿ ಒತ್ತಿ ಮಾಡುತ್ತಿದ್ದರು. ಮುಚ್ಚಳದ ಮೇಲಿನ ಹೊಳಪು, ಮುಚ್ಚಳದೊಳಗಿನ ಹಾಡು ಎರಡೂ ಒಂದೇ ಕೀಟದ ಕೊಡುಗೆ. ಪಾಲಿಶ್ ಒರೆಸುವ ಸ್ಪಿರಿಟ್ಟಿನ ಬಟ್ಟೆಯಿಂದ ಅಪ್ಪಿತಪ್ಪಿಯೂ ಆ ಪ್ಲೇಟನ್ನು ಒರೆಸಬೇಡಿ. ಹಾಡು ಕರಗಿ ಹೋಗುತ್ತದೆ.

ಬಿಸಿ ಕಾಫಿಯ ಲೋಟ ಇಟ್ಟಲ್ಲಿ ಮೂಡುವ ಬಿಳಿ ಬಳೆಯೂ ಅರಗಿನದೇ ಲಕ್ಷಣ. ಬಿಸಿಗೆ ಮೆತ್ತಗಾದ ಪದರದೊಳಗೆ ಆವಿ ನುಗ್ಗಿ ಕಣ್ಣಿಗೆ ಕಾಣದಷ್ಟು ಸಣ್ಣ ಪೊಳ್ಳುಗಳನ್ನು ಉಳಿಸುತ್ತದೆ. ಬೆಳಕು ಅವುಗಳಿಗೆ ತಾಗಿ ಚದುರುವುದರಿಂದ ಬಿಳಿ ಕಾಣುತ್ತದೆ. ಮರಕ್ಕೆ ಏನೂ ಆಗಿಲ್ಲ. ಸ್ಪಿರಿಟ್ಟಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯನ್ನು ಒಂದೇ ಸಲ, ನಿಲ್ಲಿಸದೆ, ಸರ್ರನೆ ಎಳೆದರೆ ಅರಗು ಅರೆಕ್ಷಣ ಕರಗಿ ಪೊಳ್ಳು ಮುಚ್ಚಿಕೊಳ್ಳುತ್ತದೆ. ಆದರೆ ಮೊದಲು ಹಿಂಬದಿಯ ಮೂಲೆಯಲ್ಲಿ ಪರೀಕ್ಷಿಸಿ. ಸ್ಪಿರಿಟ್ಟಿಗೆ ಅಂಟಂಟಾದರೆ ಅರಗು. ಅದಕ್ಕೆ ಜಗ್ಗದೆ ಥಿನ್ನರಿಗೆ ಕರಗಿದರೆ ಅದು ನೈಟ್ರೋಸೆಲ್ಯುಲೋಸ್ ಲ್ಯಾಕರು, ಈ ಉಪಾಯ ಅಲ್ಲಿ ನಡೆಯದು.

ಕೈಹಾಕುವ ಮುನ್ನ

ಮೊದಲ ಎಚ್ಚರಿಕೆ ಮರದ್ದಲ್ಲ. ಪ್ಲಗ್ ಕಿತ್ತಿಟ್ಟರೂ ಒಳಗಿನ ಕಂಡೆನ್ಸರುಗಳು ಹೊಡೆಯುವಷ್ಟು ವಿದ್ಯುತ್ತನ್ನು ಹಿಡಿದಿರಬಹುದು. ಯಂತ್ರದ ಭಾಗವನ್ನು ಬಲ್ಲವರಿಂದ ಬಿಚ್ಚಿಸಿ ಬೇರೆಡೆ ಇಡಿಸಿ. ಪೆಟ್ಟಿಗೆಯ ಕೆಳಗೆ ನುಣ್ಣನೆಯ ಹಿಟ್ಟು ಉದುರುತ್ತಿದ್ದರೆ ಕುಟ್ಟೆ ಹುಳು ಇನ್ನೂ ಜೀವಂತವಾಗಿದೆ. ಅದಕ್ಕೆ ಔಷಧಿಯಾಗದೆ ಮುಂದಿನ ಕೆಲಸವಿಲ್ಲ.

ಆಮೇಲೆ ಪೆಟ್ಟಿಗೆಯನ್ನು ಅದು ಮುಂದೆ ಇರಬೇಕಾದ ಮನೆಯಲ್ಲೇ ಕೆಲವು ವಾರ ಸುಮ್ಮನೆ ಬಿಡಿ. ಶ್ರೀರಂಗಪಟ್ಟಣದಿಂದ ನಾಗಮಂಗಲಕ್ಕೆ ಬಂದ ಮರ ಅಲ್ಲಿನ ಗಾಳಿಯ ಸಮತೇವಕ್ಕೆ ಇಳಿಯಲಿ. ಬಿಸಿಲಿಗೆ ಇಟ್ಟು ಅವಸರ ಮಾಡಬಾರದು.

ಎದ್ದ ಸಿಪ್ಪೆಯನ್ನು ಉಗುರಿನಿಂದ ತಟ್ಟುತ್ತ ಹೋದರೆ ಟೊಳ್ಳು ಸದ್ದು ಬರುವ ಜಾಗ ಸಿಗುತ್ತದೆ. ಮೃದಂಗದ ಎಡಬದಿಯ ನಾದ ಬಂದಾಗ ಪೆಟ್ಟಿಗೆ ಝರ್ ಎನ್ನುತ್ತಿದ್ದರೆ ಅದೂ ಇದರದೇ ದೂರು. ಎದ್ದ ಅಂಚಿಗೆ ಬಿಸಿನೀರಿನ ಹನಿ ತಾಗಿಸಿ. ಬೆರಳಿಗೆ ಅಂಟಿದರೆ ಅದು ತೊಗಲು, ಮೂಳೆ ಬೇಯಿಸಿ ತೆಗೆದ ಸರೇಸು. ಅದೃಷ್ಟ ನಿಮ್ಮದು: ಬಟ್ಟೆಯ ಮೇಲಿನಿಂದ ಹದವಾದ ಇಸ್ತ್ರಿಪೆಟ್ಟಿಗೆ ಇಟ್ಟರೆ ಹಳೆಯ ಸರೇಸೇ ಮೆತ್ತಗಾಗಿ ಮತ್ತೆ ಹಿಡಿಯಬಹುದು, ಕಡಿಮೆ ಬಿದ್ದರೆ ಸಿರಿಂಜಿನಿಂದ ಹೊಸದನ್ನು ಸೇರಿಸಬಹುದು. ಬಿಸಿಗೆ ಮೇಲಿನ ಅರಗು ಮಂಕಾಗುತ್ತದೆ, ಅದನ್ನು ಮತ್ತೆ ತೀಡಿಕೊಳ್ಳಬೇಕು. ನಡುವೆ ಗುಳ್ಳೆ ಎದ್ದಿದ್ದರೆ ಎಳೆಯ ಉದ್ದಕ್ಕೆ ಸಣ್ಣದಾಗಿ ಸೀಳಿ ಅಂಟು ಕಳಿಸಿ, ಮೇಣದ ಕಾಗದ ಹಾಸಿ, ಭಾರ ಹೇರಿ. ಅಡ್ಡಕ್ಕೆ ಸೀಳಿದರೆ ಗಾಯ ಎಂದೂ ಮುಚ್ಚದು. ಈ ಕೆಲಸಕ್ಕೆ ಮಳೆಗಾಲವೂ ಬೇಡ, ಕಡುಬೇಸಿಗೆಯೂ ಬೇಡ. ಕಾರ್ತಿಕ, ಮಾರ್ಗಶಿರದಲ್ಲಿ ಮರ ನಡುಹದದಲ್ಲಿರುತ್ತದೆ. ಆಗ ಅಂಟಿಸಿದರೆ ಎರಡು ಕಡೆಗೂ ಸಮನಾಗಿ ಎಳೆತ ಬೀಳುತ್ತದೆ.

ಕೂದಲು ಬಿರುಕುಗಳ ವಿಷಯಕ್ಕೆ ಬಂದರೆ ನಮ್ಮ ಮೊದಲ ಆಸೆಯೇ ತಪ್ಪು ದಾರಿಯದು. ಮೇ ತಿಂಗಳಲ್ಲಿ ಬಿರುಕು ಬಾಯ್ದೆರೆದಿರುತ್ತದೆ, ಗಟ್ಟಿ ಪುಟ್ಟಿ ತುಂಬಿ ತಿಕ್ಕಿ ಸಮ ಮಾಡುತ್ತೇವೆ. ಆಗಸ್ಟಿನಲ್ಲಿ ಸಿಪ್ಪೆ ಊದಿದಾಗ ಆ ಬಿರುಕು ಮುಚ್ಚಿಕೊಂಡು ಒಂದಿಷ್ಟು ಜಾಗ ಕೊಡಬೇಕಿತ್ತು. ಈಗ ಅಲ್ಲಿ ಪುಟ್ಟಿ ಕೂತಿದೆ. ಅಕ್ಕಪಕ್ಕದ ಕೋಶಗಳು ನಜ್ಜಾಗುತ್ತವೆ. ಮುಂದಿನ ಬೇಸಿಗೆಗೆ ಪುಟ್ಟಿಯ ಪಕ್ಕದಲ್ಲೇ ಇನ್ನೊಂದು ಬಿರುಕು. ತುಂಬಲೇಬೇಕಿದ್ದರೆ ಬಣ್ಣ ಬೆರೆಸಿದ ಜೇನುಮೇಣ ತುಂಬಿ, ಅದು ಒತ್ತಿದರೆ ಜಗ್ಗುತ್ತದೆ. ಉಪ್ಪುಕಾಗದವನ್ನಂತೂ ದೂರವಿಡಿ. ಸಿಪ್ಪೆ ಇರುವುದೇ ಒಂದು ಮಿಲಿಮೀಟರಿಗಿಂತ ಕಡಿಮೆ, ಯಂತ್ರದಲ್ಲಿ ನಾಲ್ಕು ಸಲ ತಿಕ್ಕಿದರೆ ಪ್ಲೈವುಡ್ಡು ಹಲ್ಲು ಬಿಡುತ್ತದೆ.

ಪಾಲಿಯುರೆಥೇನ್ ಬಳಿದರೆ ಗಾಜಿನಂತೆ ಹೊಳೆಯುತ್ತದೆ, ಲೋಟದ ಕಲೆಯೂ ಬೀಳುವುದಿಲ್ಲ, ನಿಜ. ಆದರೆ ಮುಂದೆ ಸಿಪ್ಪೆ ಎದ್ದಾಗ ಅದನ್ನು ಕರಗಿಸುವ ದಾರಿಯಿಲ್ಲ, ಕೆರೆದೇ ತೆಗೆಯಬೇಕು. ಕೆರೆದರೆ ಸಿಪ್ಪೆಯೂ ಹೋಗುತ್ತದೆ. ಸರೇಸು ಬಿಸಿಗೆ ಬಿಡುತ್ತದೆ, ಅರಗು ಸ್ಪಿರಿಟ್ಟಿಗೆ ಬಿಡುತ್ತದೆ. ಅದಕ್ಕೇ ಈ ಪೆಟ್ಟಿಗೆಗೆ ಆ ಎರಡೇ ಸರಿ ಎಂಬುದು ನನ್ನ ತೀರ್ಮಾನ.

ಅರಗು ತೀಡುವಾಗ ಹೊರಮೈಗೆ ಹತ್ತು ಕೈ ಹಾಕಿದ ಉತ್ಸಾಹದಲ್ಲಿ ಒಳಮೈ ಮರೆಯಬೇಡಿ. ಮುಚ್ಚಳದ ಒಳಬದಿಗೂ ಹಿಂಬದಿಯ ಹಲಗೆಗೂ ಮೂರು ನಾಲ್ಕು ಕೈ ಬಳಿಯಿರಿ. ಎರಡೂ ಮೈ ಒಂದೇ ವೇಗದಲ್ಲಿ ಕುಡಿದು ಒಣಗಿದರೆ ಹಲಗೆ ಡೊಂಕಾಗುವುದಿಲ್ಲ. ಕೊನೆಗೆ ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದು ನಿಲ್ಲಿಸಿ, ಮೇಲೆ ಹೂದಾನಿ ಇಡುವವರಿಗೆ ಬೇರೆ ಜಾಗ ತೋರಿಸಿ.